ಎರವಲು ತಂದ ಚೆಲುವು

ನೆರೆಮನೆಯಿಂದ ತಂದದ್ದೆಲ್ಲ ಒಂದೇ ಬಗೆಯದಲ್ಲ. ಕಡವೆಂಬುದು ಬೇರೆ, ಎರವೆಂಬುದು ಬೇರೆ. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದಾಗ ಹಿತ್ತಲ ಬಾಗಿಲಿನಿಂದ ಬರುವ ಒಂದು ಬಟ್ಟಲು ಸಕ್ಕರೆ ಕಡ. ಮರುದಿನ ಅಂಗಡಿಯ ಸಕ್ಕರೆಯಿಂದ ಅದೇ ಬಟ್ಟಲನ್ನು ತುಂಬಿ ಕೊಟ್ಟರೆ ಋಣ ತೀರಿತು. ಕೊಟ್ಟ ಸಕ್ಕರೆಯೇ ಮರಳಿ ಬರಬೇಕೆಂದು ಯಾವ ಗೃಹಿಣಿಯೂ ಹಟ ಹಿಡಿಯಳು. ಆದರೆ ಮದುವೆಗೆಂದು ತಂದ ತಾಮ್ರದ ಹಂಡೆ ಎರವು. ಅದರ ಬದಲು ಅಂಥದೇ ಇನ್ನೊಂದು ಹೊಸ ಹಂಡೆಯನ್ನು ಕೊಟ್ಟರೂ ಒಡತಿ ಒಪ್ಪುವುದಿಲ್ಲ. ಕಂಠದ ಬಳಿ ತಗ್ಗು ಬಿದ್ದ, ಅಂಚಿನಲ್ಲಿ ಅತ್ತೆಯ ಹೆಸರು ಕೊರೆದ ಅದೇ ಹಂಡೆ ಬರಬೇಕು. ಬರುವಾಗ ಬರಿದಾಗಿಯೂ ಬರಬಾರದು. ಒಂದು ಹಿಡಿ ಅಕ್ಕಿಯನ್ನೋ ಎರಡು ಉಂಡಿಯನ್ನೋ ಒಳಗಿಟ್ಟುಕೊಂಡು ಬರಬೇಕು. ಎರವು ಕೊಟ್ಟವರ ಮನಸ್ಸು ವಸ್ತುವಿನ ಜೊತೆಗೆ ಹೋಗಿರುತ್ತದೆ. ಅದು ಮರಳುವವರೆಗೆ ಮನಸ್ಸೂ ಮನೆಗೆ ಮರಳುವುದಿಲ್ಲ.

ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ, ಪಟ್ಟಣಗಳ ಕಲಾಶಾಲೆಗಳಲ್ಲಿ ಪ್ರತಿಷ್ಠಾಪನಾ ಕಲೆಯೆಂದು ಹೆಸರಾಗಿರುವ ಒಂದು ಕಲೆಯನ್ನು ಕಂಡು ಬೆದರಬೇಕಾದ ಕಾರಣವಿಲ್ಲ. ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಪೀಠದ ಮೇಲೆ ನಿಲ್ಲಿಸುವ ಶಿಲ್ಪವಲ್ಲ. ಒಂದು ಕೋಣೆಯನ್ನೋ ಅಂಗಳವನ್ನೋ ಹಿಡಿದು, ಅಲ್ಲಿ ನಾಲ್ಕಾರು ವಸ್ತುಗಳನ್ನು ಇಟ್ಟು, ಕಟ್ಟಿ, ಇಳಿಬಿಟ್ಟು, ನೋಡುವವನು ಅವುಗಳ ನಡುವೆಯೇ ನಡೆದಾಡುವಂತೆ ಮಾಡುವುದು ಈ ಕಲೆಯ ರೀತಿ. ಆ ವಸ್ತುಗಳು ಅನೇಕ ವೇಳೆ ಬಣ್ಣದ ಅಂಗಡಿಯಿಂದ ಬಂದವಲ್ಲ; ಒಬ್ಬರು ಬಳಸಿ ಬಿಟ್ಟವು, ಇಲ್ಲವೆ ಇನ್ನೂ ಬಳಸುತ್ತಿರುವವರಿಂದ ಕೇಳಿ ತಂದವು. ಹಳೆಯ ಬಾಗಿಲು, ಡಾಂಬರಿನ ಪೀಪಾಯಿ, ಹರಿದ ಸೀರೆ, ತೂತು ಬಿದ್ದ ಕೊಡ. ಇದನ್ನು ಕಂಡು, “ಇದೇನು ಕಲೆ? ನಮ್ಮ ಅಟ್ಟದ ಮೇಲೆ ಇದಕ್ಕಿಂತ ಹೆಚ್ಚಿನ ಕಲೆ ಧೂಳು ಹಿಡಿದು ಬಿದ್ದಿದೆ” ಎಂದು ನಗುವ ಗೃಹಸ್ಥರುಂಟು. ಅವರ ಮಾತು ಪೂರ್ತಿ ಸುಳ್ಳಲ್ಲ.

ಏಕೆಂದರೆ, ಹೆಸರು ಹೊಸದಾದರೂ ಕೆಲಸ ಹಳೆಯದು. ಹಾವೇರಿ ಸೀಮೆಯ ಹಳ್ಳಿಯೊಂದಕ್ಕೆ ದೀಪಾವಳಿಯ ಬೆಳಗಿನಲ್ಲಿ ಹೋದರೆ, ಹೊಸ್ತಿಲ ಬದಿಗೆ, ಅಂಗಳಕ್ಕೆ, ಸೆಗಣಿಯ ಪುಟ್ಟ ಗೋಪುರಗಳು ಚೆಂಡುಹೂ ಮುಡಿದು ಕುಳಿತಿರುತ್ತವೆ, ಅವರೇ ಪಾಂಡವರು. ಹಬ್ಬ ಮುಗಿಯುತ್ತಲೆ ಪಾಂಡವರು ಸೆಗಣಿಯಾಗಿ ಮತ್ತೆ ತಮ್ಮ ಕೆಲಸಕ್ಕೆ ತೆರಳುತ್ತಾರೆ. ಭಾದ್ರಪದದಲ್ಲಿ ಮಣ್ಣಿನ ಜೋಕುಮಾರ ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುತ್ತಾನೆ. ಏಳು ದಿನದ ಆಯುಷ್ಯ ತೀರಿದ ಮೇಲೆ ಮರಳಿ ಮಣ್ಣಾಗುತ್ತಾನೆ. ಬಯಲಾಟದ ಅಟ್ಟವೆಂದರಂತೂ ಊರಿಗೂರೇ ಎರವು ಕೊಟ್ಟು ಕಟ್ಟಿದ ಲೋಕ: ಒಬ್ಬರ ಹಲಗೆ, ಒಬ್ಬರ ಕಂಬ, ಒಬ್ಬರ ಜಮಖಾನೆ, ಹೆಣ್ಣುವೇಷದವನು ಉಟ್ಟ ಸೀರೆ ಯಾರ ಮನೆಯದೆಂಬುದು ಮುಂದೆ ಕುಳಿತ ಹೆಂಗಸರಿಗೆಲ್ಲ ಗೊತ್ತು. ರಾಣೇಬೆನ್ನೂರಿನ ಹೋಳಿಹಬ್ಬದಲ್ಲಿ ಈ ಎರವಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಕಾಮ–ರತಿಯರ ಗೊಂಬೆಯ ಬದಲು ಇಬ್ಬರು ಜೀವಂತ ಮನುಷ್ಯರನ್ನೇ ಸಿಂಗರಿಸಿ ಕೂಡಿಸುತ್ತಾರೆ. ಅವರನ್ನು ನಗಿಸಿದವರಿಗೆ ಬಹುಮಾನ. ನೆರೆದವರು ಏನೆಲ್ಲ ಚೇಷ್ಟೆ ಮಾಡಿದರೂ ಅವರು ಬಿಗಿದ ತುಟಿ ಸಡಿಲಿಸುವುದಿಲ್ಲ. ಹಬ್ಬ ಮುಗಿದ ಮೇಲೆ ಆ ಇಬ್ಬರೂ ಬಣ್ಣ ತೊಳೆದುಕೊಂಡು ತಮ್ಮ ತಮ್ಮ ಮನೆಗೆ ಹೋಗಿ ಊಟಕ್ಕೆ ಕೂಡುತ್ತಾರೆ. ಎರವಲು ತಂದ ಮನುಷ್ಯರು ಮನೆಗೆ ಮರಳಿದರು.

ಇವೆಲ್ಲವುಗಳಲ್ಲಿ ಒಂದು ಸಾಮಾನ್ಯ ಗುಣವುಂಟು. ನಮ್ಮಲ್ಲಿ ಪ್ರತಿಷ್ಠಾಪನೆಯೆಂಬ ಮಾತನ್ನು ಆಡಿದಾಗ ವಿಸರ್ಜನೆಯೆಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಕೂಡಿಸಿದ ಗಣಪತಿಯನ್ನು ಕಳಿಸಲೇಬೇಕು. ಕಲೆ ಎಂದರೆ ಚಿರಕಾಲ ಉಳಿಯತಕ್ಕದ್ದು ಎಂಬ ಒಂದು ಆದರ್ಶವಿದ್ದರೆ, ಕಲೆ ಎಂದರೆ ಕಾಲಕ್ಕೆ ಸರಿಯಾಗಿ ಹಿಂದಿರುಗಿಸತಕ್ಕದ್ದು ಎಂಬ ಇನ್ನೊಂದು ಆದರ್ಶವೂ ಇದೆ.

ಕರ್ನಾಟಕದಿಂದ ಹೊರಟು ಜಗತ್ತಿನ ಕಲಾಶಾಲೆಗಳಲ್ಲಿ ಹೆಸರಾದವರಲ್ಲಿ ಶೀಲಾ ಗೌಡ ಒಬ್ಬರು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜುಗಳಲ್ಲಿ ಓದಿದ ಈ ಕಲಾವಿದೆ, ಕುಂಚವನ್ನು ಬಿಟ್ಟು 1990ರ ದಶಕದ ಆರಂಭದಲ್ಲಿ ಸೆಗಣಿಯನ್ನು ಕೈಗೆತ್ತಿಕೊಂಡರು. ಮುಂದೆ ಕುಂಕುಮ, ಸೂಜಿ–ದಾರ, ಊದುಬತ್ತಿಯ ಬೂದಿ ಇವೇ ಅವರ ಸಾಮಗ್ರಿಗಳಾದುವು. ರಸ್ತೆಯ ಕೆಲಸಗಾರರು ಡಾಂಬರು ಮುಗಿದ ಪೀಪಾಯಿಗಳನ್ನು ಚಪ್ಪಟೆ ಮಾಡಿ ತಮ್ಮ ಗುಡಿಸಲು ಕಟ್ಟಿಕೊಳ್ಳುವುದನ್ನು ಎಲ್ಲರೂ ಕಂಡಿದ್ದಾರೆ. 2006ರಲ್ಲಿ ಅವರು ಅಂಥ ಪೀಪಾಯಿಗಳಿಂದಲೇ ಒಂದು ಕತ್ತಲ ಕೋಣೆಯನ್ನು ಕಟ್ಟಿದರು. ಬಾಗಿ ಒಳಹೊಕ್ಕು ತಲೆಯೆತ್ತಿದರೆ ತಗಡಿನಲ್ಲಿ ಕೊರೆದ ಸಣ್ಣ ರಂಧ್ರಗಳು ನಕ್ಷತ್ರಗಳಂತೆ ಮಿನುಗುತ್ತಿದ್ದವು. ದೇವಸ್ಥಾನಗಳಲ್ಲಿ ಹರಕೆಯಾಗಿ ಕೊಟ್ಟ ಕೂದಲಿನ ಹಗ್ಗವನ್ನು ಬೆಂಗಳೂರಿನ ವಾಹನದವರು ದೃಷ್ಟಿ ತಗಲದಿರಲೆಂದು ಬಂಪರಿಗೆ ಕಟ್ಟುವುದುಂಟು. 2009ರಲ್ಲಿ ವೆನಿಸ್ ನಗರದ ಮಹಾಪ್ರದರ್ಶನದಲ್ಲಿ ಶೀಲಾ ಗೌಡರು ಸುಮಾರು 4 ಕಿಲೋಮೀಟರ್ ಉದ್ದದ ಅಂಥ ಹಗ್ಗದಲ್ಲಿ ಸುಮಾರು 20 ಬಂಪರುಗಳನ್ನು ತೂಗಿಬಿಟ್ಟರು. ಭಾರವಾದ ಉಕ್ಕನ್ನು ಹಗುರವಾದ ಕೂದಲು ಎತ್ತಿ ಹಿಡಿದಿತ್ತು. ಕೂದಲು ಯಾರದೆಂದು ಯಾರೂ ಅರಿಯರು; ಆದರೆ ಒಂದೊಂದು ಎಳೆಯ ಹಿಂದೆಯೂ ಒಂದು ಭಯವಿತ್ತು, ಒಂದು ಹರಕೆಯಿತ್ತು. ಅಂಗಡಿಯ ನೈಲಾನ್ ಹಗ್ಗ ಇನ್ನೂ ಹೆಚ್ಚಿನ ಭಾರವನ್ನು ಹೊರಬಹುದಿತ್ತು, ಆ ಭಾರವನ್ನು ಮಾತ್ರ ಹೊರಲಾರದು.

ಚೀನ ದೇಶದ ಸೊಂಗ್ ಡೊಂಗ್ ಎಂಬ ಕಲಾವಿದನ ಕಥೆ ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. ಬಡತನದ ದಿನಗಳನ್ನು ಕಂಡಿದ್ದ ಅವನ ತಾಯಿ ಏನನ್ನೂ ಎಸೆದವಳಲ್ಲ. 2002ರಲ್ಲಿ ಗಂಡ ತೀರಿಕೊಂಡ ಮೇಲೆ ಆಕೆಯ ಕೂಡಿಡುವ ಚಾಳಿ ಮಿತಿಮೀರಿತು. ಖಾಲಿ ಬಾಟಲಿ, ಟೂತ್‌ಪೇಸ್ಟಿನ ಕೊಳವೆ, ಸಾಬೂನಿನ ಚೂರು, ಹಳೆಯ ಬಟ್ಟೆಗಳ ನಡುವೆ ಆಕೆ ಮುಳುಗಿಹೋದಳು. ಮಗ ಅವನ್ನು ಹೊರಗೆ ಎಸೆಯಲಿಲ್ಲ. ತಾಯಿಯೊಡನೆ ಜಗಳವಾಡಲೂ ಇಲ್ಲ. 2005ರಲ್ಲಿ ಬೀಜಿಂಗಿನಲ್ಲಿ ಆ 10,000ಕ್ಕೂ ಹೆಚ್ಚಿನ ವಸ್ತುಗಳನ್ನು, ಹಳೆಯ ಮನೆಯ ಮರದ ಚೌಕಟ್ಟಿನ ಸಮೇತ, ಪ್ರದರ್ಶನಕ್ಕೆ ಇಟ್ಟ. ಜೋಡಿಸಿದವಳು ತಾಯಿಯೇ, ಬಂದವರಿಗೆ ಒಂದೊಂದರ ಕಥೆ ಹೇಳುತ್ತ ಆಕೆ ಮತ್ತೆ ಜನರ ನಡುವೆ ಬಂದಳು. ಮಗ ತಾಯಿಯ ಕಸವನ್ನು ಎರವಲು ಪಡೆದು ತಾಯಿಯನ್ನು ಮರಳಿ ಪಡೆದನೆಂದರೆ ತಪ್ಪಾಗಲಾರದು. 2009ರಲ್ಲಿ ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಮ್ಮಿನಲ್ಲಿಯೂ ಈ ಸಂಸಾರ ಹರಡಿಕೊಂಡು ಕುಳಿತಿತ್ತು.

ವೆನಿಸ್ಸು, ಬೀಜಿಂಗುಗಳ ಮಾತು ಇರಲಿ. ಹಾವೇರಿ ತಾಲೂಕಿನ ಗುತ್ತಲದಲ್ಲಿ ಈಚಿನ ಒಂದು ಬೇಸಗೆಯ ಕೊನೆಗೆ ನಡೆದ ಸಂಗತಿ ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳಿತು. ಗುತ್ತಲವೆಂದರೆ ಸಾಮಾನ್ಯ ಊರಲ್ಲ. ಹನ್ನೆರಡು–ಹದಿಮೂರನೆಯ ಶತಮಾನಗಳಲ್ಲಿ ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡ ಗುತ್ತರು ಆಳಿದ ಗುತ್ತವೊಳಲೇ ಇದು; ಅವರ ಕಾಲದ ಮುಕ್ತೇಶ್ವರ ದೇವಾಲಯ ತುಂಗಭದ್ರೆಯ ದಂಡೆಯ ಚೌಡದಾನಪುರದಲ್ಲಿ ಇಂದಿಗೂ ನಿಂತಿದೆ. ದೂರದ ದೊಡ್ಡ ವಂಶದ ಹೆಸರನ್ನು ಎರವಲು ತಂದು ಬಾಳಿದ ಅರಸರ ಊರಿನಲ್ಲಿ, ಎರವಲಿನ ಕಲೆ ತಲೆಯೆತ್ತಿದುದು ಉಚಿತವೇ ಆಯಿತು.

ಆ ಊರಿನ ಒಂದು ಓಣಿಯ ಹುಡುಗ ಧಾರವಾಡದ ಕಡೆ ಚಿತ್ರಕಲೆ ಓದುತ್ತಿದ್ದ. ಕೊನೆಯ ವರ್ಷದ ಪರೀಕ್ಷೆಗೆ ಅವನೊಂದು ಪ್ರತಿಷ್ಠಾಪನೆಯನ್ನು ರಚಿಸಬೇಕಾಗಿತ್ತು. ಮೂರನೆಯ ದಿನ ಗುರುಗಳು ಖುದ್ದಾಗಿ ಬಂದು ನೋಡಿ ಅಂಕ ಕೊಡುವುದೆಂದು ಗೊತ್ತಾಯಿತು. ಓಣಿಯ ಕೊನೆಗೆ ವಾರಸುದಾರರು ಹುಬ್ಬಳ್ಳಿ ಸೇರಿ ಹಾಳುಬಿದ್ದ ಒಂದು ಮನೆಯಿತ್ತು. ಅದನ್ನು ಗುಡಿಸಿ, ಸಾರಿಸಿ, ಹುಡುಗ ಮನೆಮನೆಗೆ ಹೊರಟ. ಪ್ರತಿಯೊಂದು ಮನೆಯಿಂದ ಒಂದೇ ವಸ್ತು. ನೋಟುಪುಸ್ತಕದಲ್ಲಿ ಕೊಟ್ಟವರ ಹೆಸರು. ನಾಲ್ಕು ದಿನದ ಗಡುವು. ಒನಕೆ, ಬೀಸುವ ಕಲ್ಲು, ಕಂದೀಲು, ತೊಟ್ಟಿಲ ಸರಪಳಿ, ಒಂದು ಕಾಲು ಮುರಿದ ಹಾರ್ಮೋನಿಯಂ, ಎಂದೋ ನಿಂತುಹೋದ ಗೋಡೆ ಗಡಿಯಾರ ಎಲ್ಲ ಬಂದುವು. ನೆಲಕ್ಕೆ ಹಾಸಲು ಬ್ಯಾಡಗಿಯ ಪೇಟೆ ಕಂಡು ಬಂದ ಹಳೆಯ ಗೋಣಿಚೀಲಗಳು ಸಿಕ್ಕವು.

ಅವನ ಸ್ವಂತ ಮನೆಯಲ್ಲಿಯೇ ತೊಡಕು ಬಂತು. ಹುಡುಗ ಕೇಳಿದ್ದು ಅಜ್ಜಿಯ ಕೌದಿಯನ್ನು. ತೀರಿಹೋದ ಯಜಮಾನರ ಧೋತರ, ದೂರದ ಊರಿಗೆ ಕೊಟ್ಟ ಮಗಳ ಲಂಗ, ಮಗನ ಶಾಲೆಯ ಅಂಗಿ ಇವೆಲ್ಲ ಅದರಲ್ಲಿ ಒಂದರ ಮೇಲೊಂದು ಮಲಗಿದ್ದವು. ಮೂವತ್ತು ವರ್ಷಗಳ ಸಂಸಾರಕ್ಕೆ ಅದೊಂದೇ ಲೆಕ್ಕದ ಪುಸ್ತಕ.

“ಏನ್ ಮಾಡಾಂವ ಇದನ್ನ?” ಎಂದಳು ಅಜ್ಜಿ.

“ಗ್ವಾಡಿಗೆ ತೂಗ ಹಾಕತೀನಿ, ಆಯಿ. ಮಂದಿ ನೋಡತಾರ.”

“ಕೌದಿ ಹೊಚಗೊಳ್ಳೋದಪಾ, ಅದರಾಗ ನೋಡೋದೇನೈತಿ?”

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಕಾಲೇಜಿನಲ್ಲಿ ಕಲಿತ ದೊಡ್ಡ ದೊಡ್ಡ ಪಾರಿಭಾಷಿಕ ಶಬ್ದಗಳಲ್ಲಿ ಒಂದಾದರೂ ಆ ಪಡಸಾಲೆಯಲ್ಲಿ ನಡೆಯುವ ನಾಣ್ಯವಾಗಿರಲಿಲ್ಲ. ಅಜ್ಜಿ ಕೌದಿಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಕೊನೆಗೆ, “ಹೊಳ್ಳಿ ತರತಿಯಿಲ್ಲೊ? ಕತ್ತರಿ ಹಚ್ಚಬ್ಯಾಡ, ಮೊಳಿ ಹೊಡೀಬ್ಯಾಡ” ಎಂದು ಅವನ ತೋಳಿನ ಮೇಲೆ ಹಾಕಿದಳು. ಮೊಳೆ ಹೊಡೆಯದೆ ತೂಗುಹಾಕುವುದು ಹೇಗೆಂದು ಯೋಚಿಸುವುದರಲ್ಲಿ ಅವನಿಗೆ ಅರ್ಧ ದಿನ ಹೋಯಿತು. ಕೊನೆಗೆ ಬಿದಿರಿನ ಗಳುವಿನ ಮೇಲೆ, ಮನೆಯ ಹಗ್ಗದ ಮೇಲೆ ಒಣಹಾಕಿದಂತೆ, ಇಳಿಬಿಟ್ಟ. ಅದಕ್ಕಿಂತ ಚೆಂದದ ರೀತಿ ಇನ್ನೊಂದಿರಲಿಲ್ಲ.

ಇಡೀ ರಚನೆಯ ಪ್ರಾಣವಾಗಿ ನಡುಮನೆಯ ತೊಲೆಯಿಂದ ಒಂದು ಕೂರಿಗೆಯನ್ನು ತೂಗಿಬಿಟ್ಟಿದ್ದ. ಓಣಿಯ ಒಬ್ಬ ಮುದುಕನದು ಅದು. ಎರಡೆಕರೆ ಹೊಲ, ಒಂದು ಜೋಡಿ ಎತ್ತು. ಟ್ರ್ಯಾಕ್ಟರಿನ ಬಾಡಿಗೆಯ ಗೊಡವೆಗೆ ಹೋಗದ ಹಳೆಯ ಕಾಲದ ಮನುಷ್ಯ. ಬೀಜ ಬಿಡುವ ಬಟ್ಟಲಿನಿಂದ ಇಳಿಯುವ ಕೊಳವೆಗಳಿಗೆ ಹುಡುಗ ಕೆಂಪು ದಾರಗಳನ್ನು ಕಟ್ಟಿ, ಒಂದೊಂದು ದಾರವನ್ನು ಒಂದೊಂದು ವಸ್ತುವಿಗೆ ಎಳೆದು ಗಂಟು ಹಾಕಿದ್ದ. ಓಣಿಯ ಮನೆಗಳೆಲ್ಲ ಆ ಒಂದು ಕೂರಿಗೆಯಿಂದ ಬಿತ್ತಿದ ಸಾಲುಗಳಂತೆ ತೋರಬೇಕೆಂಬುದು ಅವನ ಕಲ್ಪನೆ.

ಮೊದಲನೆಯ ದಿನ ಜನ ನೆರೆದರು. ಮೊದಮೊದಲು ಪ್ರತಿಯೊಬ್ಬರೂ ತಮ್ಮ ವಸ್ತುವಿನ ಮುಂದೆಯೇ ನಿಂತರು. ಕಂದೀಲಿನವರು ಕಂದೀಲನ್ನು, ಒನಕೆಯವರು ಒನಕೆಯನ್ನು, ಸಾಲೆಗೆ ಸೇರಿಸಿದ ಮಗುವನ್ನು ಕಿಟಕಿಯಿಂದ ಇಣಿಕುವ ತಾಯಿಯಂತೆ ನೋಡಿದರು. ಅಷ್ಟರಲ್ಲಿ ಗೋಣಿಚೀಲಗಳು ತಮ್ಮ ಪ್ರಭಾವವನ್ನು ತೋರಿಸಿದುವು. ಎಷ್ಟು ಝಾಡಿಸಿದರೂ ಬ್ಯಾಡಗಿ ಮೆಣಸಿನಕಾಯಿಯ ಘಾಟು ಅವುಗಳನ್ನು ಬಿಟ್ಟಿರಲಿಲ್ಲ. ಒಬ್ಬರು ಸೀನಿದರು, ಇನ್ನೊಬ್ಬರು ಸೀನಿದರು, ನಗೆ ಎದ್ದಿತು. ನಗುತ್ತ ನಗುತ್ತ ಜನ ಒಬ್ಬರ ವಸ್ತುವಿನಿಂದ ಇನ್ನೊಬ್ಬರ ವಸ್ತುವಿಗೆ ಸರಿದರು. ಸಂನ್ಯಾಸಿ ತನ್ನ ಪೂರ್ವಾಶ್ರಮವನ್ನು ಮರೆತಾನು, ಗೋಣಿಚೀಲ ಮರೆಯದು. ಬಳಸಿದ ವಸ್ತುಗಳಿಂದ ಮಾಡಿದ ಕಲೆಯ ಗುಟ್ಟೆಲ್ಲ ಆ ಸೀನಿನಲ್ಲಿತ್ತು.

ಎರಡನೆಯ ರಾತ್ರಿ ಮಳೆಯಾಯಿತು. ಗುಡುಗು ಕಡಿಮೆ, ನೀರು ಹೆಚ್ಚು. ಭೂಮಿ ಕುಡಿಯುವಂಥ ಮಳೆ. ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಕೂರಿಗೆಯ ಮುದುಕ ಹಾಳುಮನೆಯ ಬಾಗಿಲಲ್ಲಿ ಬಂದು ನಿಂತ.

“ತಮ್ಮಾ, ಮಳಿ ಆತು. ಕೂರಿಗಿ ಬೇಕಾಗೇತಿ.”

“ಯಜ್ಜಾ, ಇವತ್ತ ನಮ್ಮ ಸರ್ ಬರತಾರ. ಇನ್ನೊಂದ ಎರಡ ದಿನ…”

“ಎರಡ ದಿನಕ್ಕ ಹದ ಆರಿ ಹೋಕ್ಕೈತಿ. ಮಳಿ ನಿನ್ನ ಮಾತ ಕೇಳತೈತೇನು, ನನ್ನ ಮಾತ ಕೇಳತೈತೇನು?”

ಮುದುಕನ ದನಿಯಲ್ಲಿ ಕೋಪವಿರಲಿಲ್ಲ. ಕೊಟ್ಟ ಮಾತಿಗೆ ತಪ್ಪುತ್ತಿದ್ದೇನಲ್ಲಾ ಎಂಬ ಸಂಕೋಚವೇ ಇತ್ತು. ಗಡುವಿಗೆ ಇನ್ನೂ ದಿನವಿದೆಯೆಂದು ಹುಡುಗ ಪುಸ್ತಕ ತೆರೆದು ತೋರಿಸಬಹುದಾಗಿತ್ತು. ಮುದುಕ ಬಹುಶಃ ಸುಮ್ಮನೆ ಹಿಂದಿರುಗುತ್ತಿದ್ದ. ಒಂದು ವರ್ಷದ ಓದು ಒಂದು ಕಡೆ, ಒಂದು ವರ್ಷದ ಬೆಳೆ ಇನ್ನೊಂದು ಕಡೆ. ಹುಡುಗ ಕೆಲಹೊತ್ತು ತೊಲೆಯನ್ನೇ ನೋಡುತ್ತ ನಿಂತ. ಆಮೇಲೆ ಏಣಿ ಹಾಕಿ ಹತ್ತಿ, ಕೊಳವೆಗಳ ದಾರಗಳನ್ನು ಒಂದೊಂದಾಗಿ ಬಿಚ್ಚಿ, ಅದೇ ತೊಲೆಗೆ ಕಟ್ಟಿದ; ಹಗ್ಗ ಸಡಿಲಿಸಿ ಕೂರಿಗೆಯನ್ನು ಇಳಿಸಿದ; ಒಂದು ಕಡೆ ತಾನು ಹಿಡಿದು, ಇನ್ನೊಂದು ಕಡೆ ಮುದುಕ ಹಿಡಿದು, ಬಂಡಿಯವರೆಗೆ ಸಾಗಿಸಿದ.

ಮಧ್ಯಾಹ್ನ ಗುರುಗಳು ಬಂದರು. ನಡುಮನೆಯಲ್ಲಿ ಬಂದು ನಿಂತು, ತೊಲೆಯಿಂದ ಹೊರಟು ಎಲ್ಲ ದಿಕ್ಕಿಗೂ ಹರಡಿದ ಕೆಂಪು ದಾರಗಳನ್ನು ಕಂಡರು. ನಡುವೆ ಮಾತ್ರ ಬರಿಯ ಗಾಳಿ. “ಇಲ್ಲಿ ಏನಿತ್ತು?” ಎಂದು ಕೇಳಿದರು. ಹುಡುಗ ಬಾಯಿ ತೆರೆಯುವ ಮೊದಲೇ, ಬಾಗಿಲ ಬಳಿ ನಿಂತಿದ್ದ ಓಣಿಯ ಒಂದು ಪುಟ್ಟ ಹುಡುಗಿ, “ಕೂರಿಗಿ ಇತ್ರೀ. ಬಿತ್ತಾಕ ಹೋಗೇತ್ರೀ” ಎಂದಳು.

ಗುರುಗಳು ಬಹಳ ಹೊತ್ತು ಅಲ್ಲಿಯೇ ನಿಂತಿದ್ದರಂತೆ. ಎಷ್ಟು ಅಂಕ ಕೊಟ್ಟರೆಂಬುದು ಓಣಿಗೆ ತಿಳಿಯಲಿಲ್ಲ. ತಿಳಿಯಬೇಕೆಂದು ಕೇಳಿದವರೂ ಇಲ್ಲ. ಮರುದಿನ ನೋಟುಪುಸ್ತಕದ ಪ್ರಕಾರ ಒನಕೆ ಒನಕೆಯ ಮನೆಗೆ, ಕಂದೀಲು ಕಂದೀಲಿನ ಮನೆಗೆ ಹೋದುವು. ಮಡಿಸುವಾಗ ಗೋಣಿಚೀಲದ ಮೇಲೆ ಹಾಸಿದ್ದ ಕೌದಿಯನ್ನು ಅಜ್ಜಿ ನಾಲ್ಕೂ ಮೂಲೆ ಹಿಡಿದು ಪರೀಕ್ಷಿಸಿದಳು. ಕತ್ತರಿಯ ಗುರುತಿಲ್ಲ, ಮೊಳೆಯ ತೂತಿಲ್ಲ. ಸಮಾಧಾನದಿಂದ ಮುಖಕ್ಕೆ ಹಿಡಿದವಳೇ ಜೋರಾಗಿ ಸೀನಿದಳು. ಎರವಿಗೆ ಹೋದದ್ದು ಬರಿದಾಗಿ ಬಂದಿರಲಿಲ್ಲ.

ಉಳಿಯುವ ಕಲೆಗೂ ತನ್ನದೇ ಆದ ಗೌರವವುಂಟು. ಇದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉಳುವವರು, ಬೀಸುವವರು, ಹಾಲು ಕರೆಯುವವರು ಸಿಮೆಂಟಿನ ಆಳೆತ್ತರದ ಮೂರ್ತಿಗಳಾಗಿ ನಿಂತಿದ್ದಾರೆ. ಕಣ್ಮರೆಯಾಗುತ್ತಿರುವ ಹಳ್ಳಿಯ ಬದುಕನ್ನು ಮುಂದಿನ ಮಕ್ಕಳಿಗೆ ತೋರಿಸಲು ಅಂಥ ಸ್ಥಳಗಳು ಬೇಕು. ಆದರೆ ಇನ್ನೂ ಕಣ್ಮರೆಯಾಗದ ಬದುಕನ್ನು ಕಣ್ಮರೆಯಾದುದೆಂದು ಬಗೆದು ತೊಲೆಗೆ ತೂಗುಹಾಕುವ ಅವಸರ ಪಟ್ಟಣದವರಾದ ನಮ್ಮಲ್ಲಿ ಹೆಚ್ಚು. ಬೀಸುವ ಕಲ್ಲನ್ನು ಹೂದಾನಿಯ ಪೀಠವಾಗಿಸುತ್ತೇವೆ, ಹಿತ್ತಾಳೆಯ ಸೇರನ್ನು ಗಾಜಿನ ಕಪಾಟಿನಲ್ಲಿಡುತ್ತೇವೆ, ಹಳ್ಳಿಯವರು ನಮ್ಮ ವಸ್ತುವನ್ನು ಕೊಂಡಾಡಿದರೆಂದು ಸಂತೋಷಪಡಬೇಕೆಂದು ಬಯಸುತ್ತೇವೆ. ಅದಕ್ಕೆ ಇನ್ನೂ ಕೆಲಸವಿದೆಯೇ ಎಂದು ಒಡೆಯನನ್ನು ಕೇಳುವುದನ್ನು ಮಾತ್ರ ಮರೆಯುತ್ತೇವೆ.

ಈಗ ಹಬ್ಬದ ಮಂಟಪಗಳಿಗೂ ಬಾಡಿಗೆಯ ಸಾಮಾನು ಬಂದಿದೆ. ಗುತ್ತಿಗೆದಾರನ ಬಂಡಿ ಬಂದು ಥರ್ಮಾಕೋಲಿನ ಕಂಬ, ಪ್ಲಾಸ್ಟಿಕ್ ಹೂವು, ಒಂದೇ ಅಳತೆಯ ಪರದೆಗಳನ್ನು ಇಳಿಸಿಹೋಗುತ್ತದೆ. ಕೇಳಿ ತರುವ ದಾಕ್ಷಿಣ್ಯವಿಲ್ಲ, ಹರಿದೀತೆಂಬ ಅಂಜಿಕೆಯಿಲ್ಲ, ಹಿಂದಿರುಗಿಸುವಾಗ ಉಂಡಿ ಇಡುವ ಖರ್ಚಿಲ್ಲ. ಸೌಕರ್ಯ ದೊಡ್ಡದು. ಆದರೆ ಅಂಥ ಮಂಟಪದ ಮುಂದೆ ನಿಂತ ಹೆಣ್ಣುಮಗಳೊಬ್ಬಳು, ಬೆಳಕಿನಲ್ಲಿ ಮಿನುಗುವ ಪರದೆಯ ಕಡೆ ಬೆರಳು ಮಾಡಿ, ಅದು ನಮ್ಮವ್ವನ ಸೀರೆಯೆಂದು ಗೆಳತಿಯ ಕಿವಿಯಲ್ಲಿ ಹೇಳಲಾರಳು.

ಆ ವರ್ಷ ಗುತ್ತಲದ ಮುದುಕನ ಹೊಲದಲ್ಲಿ ಜೋಳ ಚೆನ್ನಾಗಿ ಎದ್ದಿತು. ಓಣಿಯವರು ಹೊಲದ ದಾರಿಯಲ್ಲಿ ಹೋಗುವಾಗ ನೆಟ್ಟಗಿನ ಆ ಹಸಿರು ಸಾಲುಗಳನ್ನು ನೋಡಿ, ಪ್ರದರ್ಶನದ ಉಳಿದ ಭಾಗ ಇಲ್ಲಿದೆಯೆಂದು ಹುಡುಗನನ್ನು ಚೇಷ್ಟೆ ಮಾಡುತ್ತಿದ್ದರು. ಹುಡುಗ ಅದನ್ನು ಚೇಷ್ಟೆಯೆಂದು ಭಾವಿಸಲಿಲ್ಲ.